ಟೆಂಟಿನ ಗೂಟ ಮತ್ತು ಬಿಸಿ ಮುದ್ದೆ

ನನ್ನ ಕೈಯಿಂದ ಈವರೆಗೆ ಒಂದು ರೈಲೂ ಓಡಿಲ್ಲ. ಬಂಗಾರಪೇಟೆ ಜಂಕ್ಷನ್ನಿನ ವಿಚಾರಣೆ ಕಿಟಕಿಯ ಹಿಂದೆ ಕೂತು ಯಾವ ರೈಲು ಎಷ್ಟು ತಡ ಎಂದು ಹೇಳುವುದಷ್ಟೇ ನನ್ನ ಉದ್ಯೋಗವಾಗಿತ್ತು. ರೈಲನ್ನು ನಾನೇ ಮೇಜಿನ ಕೆಳಗೆ ಬಚ್ಚಿಟ್ಟಿದ್ದೇನೋ ಎಂಬಂತೆ ಜನ ನನ್ನನ್ನು ಬೈಯುತ್ತಿದ್ದರು. ನಾನು ಬೈಸಿಕೊಂಡು, ಮೈಕು ಹಿಡಿದು, ಇನ್ನೊಂದು ರೈಲಿನ ತಡವನ್ನು ಪ್ರಕಟಿಸುತ್ತಿದ್ದೆ. ಇಂಥ ಕೆಲಸದಲ್ಲಿ ಆಯುಷ್ಯ ಸವೆಸಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವುದನ್ನೇ ಆಗಲಿ ಗಟ್ಟಿಯಾಗಿ ಹೇಳಿಬಿಟ್ಟರೆ ಅದು ಅರ್ಧ ಆದಂತೆಯೇ ಎಂದು ಅವನು ನಂಬಿಬಿಡುತ್ತಾನೆ. ಬಚ್ಚಲಿನ ನಲ್ಲಿ ರಿಪೇರಿ ಮಾಡುತ್ತೇನೆ ಎಂದು ನಾನು ಪ್ರಕಟಿಸಿದ ಮೇಲೆ ಆ ನಲ್ಲಿ ಒಂದು ಮಳೆಗಾಲ ಪೂರ್ತಿ ತೊಟ್ಟಿಕ್ಕಿದೆ. ಈ ವಿಷಯದಲ್ಲಿ ನನ್ನ ಹೆಂಡತಿ ಸರೋಜಳ ಅಭಿಪ್ರಾಯ ಬಹಳ ಹಿಂದೆಯೇ ಗಟ್ಟಿಯಾಗಿದೆ. "ನಿಮ್ದು ಬರೀ ಅನೌನ್ಸ್‌ಮೆಂಟು. ಗಾಡಿ ಬರೋದು ಬ್ಯಾರೆ ಇಸ್ಯ," ಎನ್ನುತ್ತಾಳೆ. ಬೂದಿಕೋಟೆ ಕಡೆಯವಳು, ಮಾತು ಚಿಕ್ಕದು, ಪೆಟ್ಟು ದೊಡ್ಡದು.

ನಿವೃತ್ತಿಯಾದ ಮೇಲೂ ನಾನು ಸಾಯಂಕಾಲ ಸ್ಟೇಷನ್ನಿಗೆ ಹೋಗುವುದನ್ನು ಬಿಟ್ಟಿಲ್ಲ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬೇವಿನ ಮರದ ಕೆಳಗೆ ಒಂದು ಕಲ್ಲು ಬೆಂಚಿದೆ. ಅಲ್ಲಿ ನನಗೆ ಜೊತೆಯಾಗುವವರು ಇಬ್ಬರು. ಒಬ್ಬ ಸೆಲ್ವರಾಜ್. ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಸುರಂಗದ ಸೂರು ಕುಸಿಯದಂತೆ ಮರದ ಕಂಬ ಕೊಡುವ ಕೆಲಸದಲ್ಲಿದ್ದವನು. ಗಣಿ ಮುಚ್ಚಿದ ಮೇಲೆ ದಿನಾ ರೈಲು ಹತ್ತಿ ಬೆಂಗಳೂರಿಗೆ ಕಾವಲು ಕೆಲಸಕ್ಕೆ ಹೋಗುತ್ತಿದ್ದ. ನನ್ನ ಕಿಟಕಿಯಲ್ಲಿ ದಿನಾ ಜಗಳವಾಡಿ ಹಾಗೆಯೇ ಗೆಳೆಯನಾದ. ಈಗಲೂ ಯಾವ ಮನೆಯೊಳಗೆ ಕಾಲಿಟ್ಟರೂ ಮೊದಲು ತಲೆಯೆತ್ತಿ ಸೂರು ನೋಡುತ್ತಾನೆ, ಆಮೇಲೆ ಮನೆಯವರನ್ನು ನೋಡುತ್ತಾನೆ. ಇನ್ನೊಬ್ಬ ವೆಂಕಟರವಣಪ್ಪ, ಬೂದಿಕೋಟೆ ಬಸ್ಸಿನ ಡ್ರೈವರಾಗಿದ್ದವನು. ನನ್ನ ರೈಲು ತಡವಾದಾಗಲೆಲ್ಲ ಅವನ ಬಸ್ಸೂ ತಡವಾಗುತ್ತಿತ್ತು, ಅವನ ಪ್ರಯಾಣಿಕರ ಬೈಗುಳದಲ್ಲಿ ನನಗೂ ಪಾಲಿತ್ತು. ಅವನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲಿಲ್ಲ. ಇದ್ದರೂ ಅವನು ಒಪ್ಪುವುದಿಲ್ಲ.

ಆ ಬೆಂಚಿನ ಮೇಲೆಯೇ ಒಂದು ಸಂಜೆ ಟೆಂಟಿನ ಮಾತು ಹುಟ್ಟಿತು. ಬೂದಿಕೋಟೆಯ ಆಚೆ ಗುಡ್ಡದ ಬುಡದಲ್ಲಿ ಅರಣ್ಯ ಇಲಾಖೆಯ ಒಂದು ಉದ್ಯಾನವನವಿದೆಯಂತೆ, ಅಲ್ಲಿ ಟೆಂಟ್ ಹಾಕಿಕೊಂಡು ತಂಗಲು ಬಿಡುತ್ತಾರಂತೆ, ಬೆಂಗಳೂರಿನ ಜನ ಕಾರು ತುಂಬ ಬರುತ್ತಾರಂತೆ ಎಂದು ವೆಂಕಟರವಣಪ್ಪ ಸುದ್ದಿ ತಂದ. "ನಮ್ಮ ಊರಿನ ಗುಡ್ಡ, ನಾವೇ ನೋಡಿಲ್ಲ ಕಣ್ಲಾ. ಮುಗ್ಗುರೂ ಓಗಾನ, ಹೆಂಡ್ರನ್ನ ಕರ್ಕೊಂಡು," ಎಂದ. ಮೂವರು ಎನ್ನುವುದಕ್ಕೆ ಅವನಿಗೆ ತೆಲುಗೇ ಬಾಯಿಗೆ ಬರುತ್ತದೆ. ಸೆಲ್ವರಾಜ್ ಸ್ವಲ್ಪ ಯೋಚಿಸಿದ. "ಟೆಂಟ್ ಅಂದ್ರೆ ಸೂರು ಬಟ್ಟೇದು ತಾನೇಪ್ಪಾ? ಕಂಬ ಯಾರು ಕೊಡೋದು?" ಎಂದು ಕೇಳಿದ. ನೀನೇ ಎಂದಾಗ ಅವನ ಮುಖ ಅರಳಿತು. ಗಣಿ ಮುಚ್ಚಿದ ಮೇಲೆ ಅವನನ್ನು ಯಾರೂ ಒಂದು ಕಂಬ ಕೊಡು ಎಂದು ಕೇಳಿರಲಿಲ್ಲ.

ಮನೆಗೆ ಬಂದವನೇ ನಾನು ಪ್ರಕಟಿಸಿದೆ. ಸರೋಜಾ ಅವರೆಕಾಯಿ ಸುಲಿಯುತ್ತಿದ್ದಳು, ತಲೆಯೆತ್ತಲಿಲ್ಲ.

"ಅಲ್ಲೂ ನಾವೇ ಬೇಯಿಸ್ಬೇಕು ತಾನೆ? ಇಲ್ಲಾದ್ರೆ ನೆರಳಾಗೆ ಬೇಯಿಸ್ತೀವಿ, ಅಲ್ಲಿ ಗಾಳೀಲಿ. ಅಷ್ಟಕ್ಕೆ ಗುಡ್ಡದ ತನಕ ಯಾಕೆ ಓಗ್ಬೇಕು?"

"ಇಲ್ಲ. ಅಡುಗೆ ಪೂರ್ತಿ ನಮ್ಮದೇ. ನೀವು ಹೆಂಗಸರು ಒಲೆ ಮುಟ್ಟುವ ಹಾಗಿಲ್ಲ," ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಉಳಿದ ಇಬ್ಬರಲ್ಲಿ ನಾನು ಈ ಮಾತನ್ನು ಕೇಳಿಯೇ ಇರಲಿಲ್ಲ.

"ಮುದ್ದೇನೂ?"

"ಮುದ್ದೆಯೂ."

ಅವಳ ಕೈ ನಿಂತಿತು. ಸರೋಜಳ ಕೈ ನಿಲ್ಲುವುದು ಅಪರೂಪ. "ಅಂಗಾದ್ರೆ ನಂಗೊಂದು ಬಿಸಿ ಮುದ್ದೆ ಬೇಕು," ಎಂದಳು. "ಮದ್ವೆ ಆದಾಗಿಂದ ತಿಂದಿಲ್ಲ. ಎಂಗಿರ್ತದೋ ಮರ್ತೋಗೈತೆ."

ಮುದ್ದೆ ತಿನ್ನದ ಓದುಗರು ಯಾರಾದರೂ ಇದ್ದರೆ ಅವರಿಗಾಗಿ ಇಲ್ಲಿ ಒಂದು ಮಾತು ಹೇಳಬೇಕು. ಮುದ್ದೆಯ ರುಚಿಯೆಲ್ಲ ಬಿಸಿಯಲ್ಲಿದೆ. ಒಲೆಯಿಂದ ಇಳಿಸಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ಹೊಗೆಯಾಡುತ್ತಿರುವಾಗಲೇ ತಟ್ಟೆಗೆ ಬೀಳಬೇಕು. ಸಾರಿನಲ್ಲಿ ಅದ್ದಿ ನುಂಗಿದರೆ ಎದೆಯೊಳಗೆ ಅದು ಇಳಿಯುವ ದಾರಿ ಗೊತ್ತಾಗಬೇಕು. ಆರಿತೋ, ಮೇಲೆ ಚರ್ಮ ಕಟ್ಟುತ್ತದೆ, ಗಂಟಲಲ್ಲಿ ಕೂತು ಯೋಚನೆ ಮಾಡುತ್ತದೆ. ಆದರೆ ಮುದ್ದೆ ಕಟ್ಟುವವಳು ಕಟ್ಟಿದ್ದನ್ನೆಲ್ಲ ಬಡಿಸಬೇಕು, ಸಾರು ಹಾಕಬೇಕು, ಇನ್ನೊಂದು ಸಲ ಸಾರು ಹಾಕಬೇಕು, ಮಜ್ಜಿಗೆ ತರಬೇಕು. ಅವಳು ಕೂರುವ ಹೊತ್ತಿಗೆ ಕೊನೆಯ ಮುದ್ದೆ ತಟ್ಟೆಯಲ್ಲಿ ತಣ್ಣಗಾಗಿರುತ್ತದೆ. ಪಾಳಿ ಕೆಲಸದವನಾಗಿ ನಾನು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದಾಗಲೂ ನನಗೆ ಮುದ್ದೆ ಬಿಸಿಯಾಗಿಯೇ ಸಿಕ್ಕಿದೆ. ಒಮ್ಮೆ ಅವಳು "ನಂದು ಆರೋಯ್ತು" ಎಂದು ಗೊಣಗಿದ್ದಕ್ಕೆ ನಾನು, ಯಾವುದೋ ರೈಲು ಕಾಯುತ್ತಿದ್ದ ಪ್ರಯಾಣಿಕನಿಂದ ಕೇಳಿದ ವೈದ್ಯವನ್ನು ಉಪದೇಶಿಸಿದ್ದೆ: "ಆರಿದ ಮುದ್ದೆ ಮೈಗೆ ಒಳ್ಳೇದಂತೆ ಕಣೇ. ಸಕ್ಕರೆ ಕಾಯಿಲೆ ಹತ್ತಿರ ಸುಳಿಯೋಲ್ಲವಂತೆ." ಅವಳು ಆಗ ಏನೂ ಹೇಳಿರಲಿಲ್ಲ. ಸರೋಜಾ ಏನೂ ಹೇಳಲಿಲ್ಲ ಎಂದರೆ ಎಲ್ಲೋ ಎತ್ತಿಟ್ಟುಕೊಂಡಿದ್ದಾಳೆ ಎಂದೇ ಅರ್ಥ.

"ಬಿಸಿ ಮುದ್ದೆ ಸಿಕ್ರೆ, ಇನ್ಮೇಲೆ ಎಲ್ಲಿಗೆ ಕರದ್ರೂ ಬತ್ತೀನಿ," ಎಂದು ಅವಳು ಕರಾರು ಹಾಕಿದಳು. "ಸಿಗ್ಲಿಲ್ವಾ, ಆಮೇಲೆ ಟೆಂಟು ಗಿಂಟು ಅಂತ ನನ್ಮುಂದೆ ಎತ್ಬ್ಯಾಡಿ. ನೀವಾಯ್ತು, ನಿಮ್ಮ ಬೆಂಚಾಯ್ತು. ಇನ್ನೊಂದು. ಒಲೆ ವಿಚಾರ ನನ್ನ ಒಂದು ಮಾತೂ ಕೇಳಂಗಿಲ್ಲ."

ಮಾರನೆಯ ದಿನ ಬೆಂಚಿನ ಮೇಲೆ ಈ ಕರಾರನ್ನು ಹೇಳಿದಾಗ ಇಬ್ಬರು ಗೆಳೆಯರೂ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಆದರೆ ಅಷ್ಟರಲ್ಲಿ ಸರೋಜಾ, ಸೆಲ್ವರಾಜನ ಹೆಂಡತಿ ಕನಕಮ್ಮನಿಗೂ ವೆಂಕಟರವಣಪ್ಪನ ಹೆಂಡತಿ ಅಕ್ಕಾಯಮ್ಮನಿಗೂ ಫೋನು ಮಾಡಿ ಮುಗಿಸಿದ್ದಳು. ಹಿಂದೆ ಸರಿಯಲು ದಾರಿಯಿರಲಿಲ್ಲ. ಸಾರು ವೆಂಕಟರವಣಪ್ಪನಿಗೆ, ಟೆಂಟು ಸೆಲ್ವರಾಜನಿಗೆ, ಮುದ್ದೆ ನನಗೆ ಎಂದು ಹಂಚಿಕೆಯಾಯಿತು. ಮುದ್ದೆ ನನಗೇ ಏಕೆ ಎಂದು ಕೇಳಿದೆ. "ಅನೌನ್ಸ್ ಮಾಡಿದ್ದು ನೀನೇ ಅಲ್ವಾ," ಎಂದ ವೆಂಕಟರವಣಪ್ಪ.

ಟೆಂಟನ್ನು ನಾವು ತಂದದ್ದು ಬಂಗಾರಪೇಟೆಯ ಒಂದು ಶಾಮಿಯಾನ ಅಂಗಡಿಯಿಂದ. ಮದುವೆ ಮನೆಗಳಲ್ಲಿ ಅಡುಗೆ ಭಟ್ಟರಿಗೆ ಹಾಕಿಕೊಡುವ ದಪ್ಪ ಕ್ಯಾನ್ವಾಸಿನ ಗುಡಾರ; ಅದರೊಳಗೆ ಮೂಗಿಟ್ಟರೆ ಹಳೆಯ ಸಾಂಬಾರಿನ ವಾಸನೆ. ಎರಡು ಮರದ ಕಂಬ, ಸುತ್ತ ಹಗ್ಗ, ಹಗ್ಗಕ್ಕೊಂದು ಮೊಳದುದ್ದದ ಮರದ ಗೂಟ. ಉದ್ಯಾನವನದಲ್ಲಿ ನಮ್ಮ ಪಕ್ಕದಲ್ಲಿದ್ದ ಬೆಂಗಳೂರಿನವರು ಚೀಲದಿಂದ ಏನನ್ನೋ ಗಾಳಿಗೆ ಎಸೆದರು, ಅದು ಕೊಡೆಯ ಹಾಗೆ ತಾನೇ ಬಿಚ್ಚಿಕೊಂಡು ಟೆಂಟಾಗಿ ಕೂತಿತು. ಸೆಲ್ವರಾಜ್ ಅದನ್ನು ಬಹಳ ತಿರಸ್ಕಾರದಿಂದ ನೋಡಿದ. ನಮ್ಮ ಕಂಬಗಳನ್ನು ಅವನು ನಿಲ್ಲಿಸಿದ ರೀತಿ ಮಾತ್ರ ನೋಡಬೇಕಾದ್ದೇ. ಕಂಬಕ್ಕೆ ಕಿವಿಯಿಟ್ಟು, ಬೆರಳ ಗಣ್ಣಿನಿಂದ ತಟ್ಟಿ, ಕೇಳಿ, ತಲೆಯಾಡಿಸಿ, ಇನ್ನಷ್ಟು ತಟ್ಟಿ, ಕೊನೆಗೆ ಹೆಂಗಸರ ಕಡೆ ತಿರುಗಿ, "ಈಗ ಒಳಗೆ ಹೋಗ್ರಮ್ಮ. ನಾನು ಗ್ಯಾರಂಟಿ," ಎಂದ. ಉದ್ಯಾನವನದ ಗಾರ್ಡು ಬಂದು ನಿಯಮ ಹೇಳಿಹೋದರು: ಅಡುಗೆಗೆ ಕಟ್ಟೆಯ ಮೇಲೆ ಗ್ಯಾಸ್ ಒಲೆ ಮಾತ್ರ, ಮರದಿಂದ ಒಂದು ಕಡ್ಡಿಯನ್ನೂ ಮುರಿಯುವಂತಿಲ್ಲ, ಬಿದ್ದಿದ್ದನ್ನೂ ಎತ್ತುವಂತಿಲ್ಲ. ನಮಗೆ ಕಡ್ಡಿಯ ಗೊಡವೆ ಯಾಕೆ ಎಂದುಕೊಂಡೆವು.

ಮಧ್ಯಾಹ್ನವಾಗುತ್ತಾ ಬಂತು. ಹೆಂಗಸರು ಮೂವರೂ ಟೆಂಟಿನೊಳಗೆ ಕಾಲು ಚಾಚಿ ಮಲಗಿದ್ದರು. ಹಗಲು ಹೊತ್ತು ಅವರು ಹೀಗೆ ಮಲಗಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಏನಾದರೂ ಅಪಾಯವಾಗಿದೆಯೇ ಎಂದು ವೆಂಕಟರವಣಪ್ಪ ಎರಡು ಸಲ ಇಣುಕಿ ಬಂದ. ಅವನ ಅವರೆಕಾಳು ಸಾರು, ಹೇಳಬಾರದು, ಚೆನ್ನಾಗಿಯೇ ಕುದಿಯುತ್ತಿತ್ತು. ಪಕ್ಕದ ಒಲೆಯಲ್ಲಿ ನನ್ನ ಎಸರೂ ಕುದಿಯಿತು. ಮನೆಯಲ್ಲಿ ಸರೋಜಾ ಮಾಡುವುದನ್ನು ಒಂದು ವಾರ ಬಾಗಿಲ ಬಳಿ ನಿಂತು ಕದ್ದು ನೋಡಿದ್ದೆನಲ್ಲ, ಹಾಗೆಯೇ ಹಿಟ್ಟನ್ನು ನೀರಿನ ನಡುವೆ ಗುಡ್ಡೆಯಾಗಿ ಸುರಿದೆ. ಗುಡ್ಡೆಯ ಸುತ್ತ ನೀರು ಬುಳುಬುಳು ಎಂದಿತು. ಇನ್ನು ಕೋಲು ಇಳಿಸಿ ತೊಳಸುವುದೊಂದೇ ಬಾಕಿ ಎಂದು ಚೀಲಕ್ಕೆ ಕೈ ಹಾಕಿದೆ. ಚೀಲದಲ್ಲಿ ಕೋಲಿರಲಿಲ್ಲ.

ಟೀಪುಡಿ ಇತ್ತು, ಸೊಳ್ಳೆಬತ್ತಿ ಇತ್ತು, ಟಾರ್ಚಿತ್ತು, ಟಾರ್ಚು ಕೈಕೊಟ್ಟರೆಂದು ಇನ್ನೊಂದು ಟಾರ್ಚಿತ್ತು. ಮುದ್ದೆ ಕೋಲು ಮಾತ್ರ ಇರಲಿಲ್ಲ. ನಾನು ಟೆಂಟಿನ ಬಾಗಿಲಿಗೆ ಹೋಗಿ ನಿಂತೆ. ಕೇಳುವ ಹಾಗಿಲ್ಲವಲ್ಲ, ಸುಮ್ಮನೆ ನಿಂತೆ. ಸರೋಜಾ ಮಲಗಿದಲ್ಲಿಂದಲೇ ಕಣ್ಣು ಬಿಟ್ಟು, "ಅಡಿಗೆಮನೆ ಬಾಗ್ಲಿಂದೆ ನೇತಾಕಿದೆ. ಬೀಗ ಹಾಕೋವಾಗ ನೋಡ್ದೆ," ಎಂದಳು.

"ಹೇಳಬಾರದಿತ್ತೇನೇ?"

"ಒಲೆ ವಿಚಾರ ಮಾತಿಲ್ಲ ಅಂತ ತಾನೆ ಕರಾರು," ಎಂದು ಪಕ್ಕಕ್ಕೆ ತಿರುಗಿದಳು. ಅವಳ ಬೆನ್ನಿನಲ್ಲಿ ಸಿಟ್ಟೇನೂ ಕಾಣಲಿಲ್ಲ; ಬಿಸಿ ಮುದ್ದೆಯ ಆಸೆಯನ್ನು ಅರ್ಧ ಬಿಟ್ಟ ಹಾಗೆ ಕಂಡಿತು. ಅದು ನನ್ನನ್ನು ಸಿಟ್ಟಿಗಿಂತ ಹೆಚ್ಚು ಚುಚ್ಚಿತು. ನಲ್ಲಿಯ ಸಾಲಿಗೆ ಇದೂ ಒಂದು ಸೇರುವುದು ನನಗೆ ಬೇಕಿರಲಿಲ್ಲ.

ಸೌಟಿನಿಂದ ತೊಳಸಲು ಹೋದೆ, ಅದು ಕೊಕ್ಕೆಯ ಹಾಗೆ ಬಗ್ಗಿತು. ಸುತ್ತ ಎಷ್ಟೊಂದು ಮರ, ಮುಟ್ಟುವಂತಿಲ್ಲ. ಆಗ ವೆಂಕಟರವಣಪ್ಪನ ಕಣ್ಣು ಟೆಂಟಿನ ಗೂಟದ ಮೇಲೆ ಬಿತ್ತು. ಮೊಳದುದ್ದ, ಹಿಡಿಗಾತ್ರ, ನುಣ್ಣಗೆ ಸವೆದ ಮರ. ಮುದ್ದೆ ಕೋಲಿಗೂ ಅದಕ್ಕೂ ಹೆಸರಿನಲ್ಲಷ್ಟೇ ವ್ಯತ್ಯಾಸ. ಇಬ್ಬರೂ ಸೆಲ್ವರಾಜನ ಮುಖ ನೋಡಿದೆವು. ಅವನು ಟೆಂಟನ್ನು ಒಂದು ಸುತ್ತು ಬಂದ. ಪ್ರತಿ ಹಗ್ಗವನ್ನೂ ಬೆರಳಿನಿಂದ ಮೀಟಿದ. "ಗಣೀಲಿ ಕಂಬ ಕೊಡೋದು ಯಾರು ಬೇಕಾದ್ರೂ ಕೊಡ್ತಾರೆ ಸಾರ್. ತೆಗೆಯೋದೇ ವಿದ್ಯೆ," ಎಂದು ಹೇಳಿ, ಹಿಂದುಗಡೆಯ ಒಂದು ಗೂಟವನ್ನು ಹಲ್ಲು ಕೀಳುವವರ ಹಾಗೆ ಅಲ್ಲಾಡಿಸಿ ಅಲ್ಲಾಡಿಸಿ ತೆಗೆದ. ಟೆಂಟು ಅಲುಗಲಿಲ್ಲ. "ನೋಡ್ದ್ರಾ?" ಎಂದ. ನಾನು ಗೂಟವನ್ನು ಉಜ್ಜಿ ತೊಳೆದು ಪಾತ್ರೆಗೆ ಇಳಿಸಿದೆ.

ಹಿಟ್ಟು ತಿಂದವನು ಬೆಟ್ಟವನ್ನೇ ಕಿತ್ತಿಟ್ಟನೆಂದು ನಮ್ಮ ಕಡೆ ಗಾದೆಯಿದೆ. ಹಿಟ್ಟು ತೊಳಸುವವಳ ಬಗ್ಗೆ ಗಾದೆಯಿಲ್ಲ. ಇರಬೇಕಿತ್ತು. ಮೊದಲನೆಯ ಸುತ್ತಿಗೇ ನನ್ನ ಭುಜ ಕೂಗಿಕೊಂಡಿತು. ಎರಡನೆಯ ಸುತ್ತಿಗೆ ಪಾತ್ರೆಯೇ ನನ್ನ ಜೊತೆ ತಿರುಗತೊಡಗಿತು. ಕೆಳಗಿಳಿಸಿ ಎರಡು ಪಾದಗಳ ನಡುವೆ ಇಟ್ಟುಕೊಂಡೆ, ಪಾದ ಸುಟ್ಟಿತು. ಮನೆಯಲ್ಲಾದರೆ ಪಾತ್ರೆಯನ್ನು ಅದುಮಿ ಹಿಡಿಯಲು ಇನ್ನೊಂದು ಕೋಲಿರುತ್ತದೆ. "ಇನ್ನೊಂದು ಬೇಕು, ಬೇಗ," ಎಂದು ಕೂಗಿದೆ. ಸೆಲ್ವರಾಜ್ ಟೆಂಟಿನ ಸುತ್ತ ಮತ್ತೆ ತನ್ನ ಪ್ರದಕ್ಷಿಣೆ ಶುರುಮಾಡಿದ. ಅದು ಮುಗಿಯುವ ತನಕ ಕಾಯುವ ತಾಳ್ಮೆ ಬಸ್ಸಿನ ಡ್ರೈವರಿಗೆ ಎಲ್ಲಿಂದ ಬರಬೇಕು? ವೆಂಕಟರವಣಪ್ಪ ಅವನ ಬೆನ್ನ ಹಿಂದೆಯೇ ಕೈಗೆ ಸಿಕ್ಕ ಗೂಟವೊಂದನ್ನು ಎಳೆದು ತಂದು, ಪಾತ್ರೆಯ ಕಂಠಕ್ಕೆ ಒತ್ತಿ ಹಿಡಿದು, "ತಿರುವು ನೀನು," ಎಂದ.

ಆ ಹೊತ್ತಿಗೇ ಗುಡ್ಡದ ಕಡೆಯಿಂದ ಗಾಳಿ ಬಂತು. ಟೆಂಟು ಒಮ್ಮೆ ಉಸಿರು ತುಂಬಿಕೊಂಡು ಎದ್ದಿತು. ಆಮೇಲೆ ಬಹಳ ನಿಧಾನವಾಗಿ, ಕೆರೆಯ ದಂಡೆಯಲ್ಲಿ ಎಮ್ಮೆ ಮಲಗುವ ಹಾಗೆ, ಒಂದು ಪಕ್ಕಕ್ಕೆ ಮಲಗಿತು. ಕಂಬಗಳು ಯಾರಿಗೂ ಪೆಟ್ಟಾಗದಂತೆ ಹೊರಗಡೆಗೆ ಬಿದ್ದವು. ಆ ಮಟ್ಟಿಗೆ ಸೆಲ್ವರಾಜನ ಗ್ಯಾರಂಟಿ ಉಳಿಯಿತು. ಕ್ಯಾನ್ವಾಸಿನ ಕೆಳಗೆ ಮೂರು ದಿಬ್ಬಗಳು ಎದ್ದು ಅಲ್ಲಾಡತೊಡಗಿದವು. "ಯಾರಪ್ಪಾ ತೆಗ್ದದ್ದು? ಯಾರು ತೆಗ್ದದ್ದು ಅಂತ ಕೇಳ್ತಾ ಇದೀನಿ," ಎಂದು ಸೆಲ್ವರಾಜ್ ನಡುಗುವ ದನಿಯಲ್ಲಿ ಕೇಳಿದ. ಪಾಪ, ಅವನ ಕಣ್ಣಲ್ಲಿ ನೀರಿತ್ತು. ಅವನು ಕಂಬ ಕೊಟ್ಟ ಸೂರು ಬಿದ್ದದ್ದು ಅದೇ ಮೊದಲಂತೆ.

ನಾನು ಗೂಟ ಬಿಟ್ಟು ಎದ್ದೆ. ಎದ್ದೆನೋ ಇಲ್ಲವೋ, ಬಟ್ಟೆಯ ಅಡಿಯಿಂದ ಸರೋಜಳ ದನಿ ಬಂತು. "ರೀ, ಕೈ ಬಿಟ್ರಾ?"

"ಬಂದೆ ಇರು, ಎತ್ತುತ್ತೀನಿ."

"ನಮ್ಮನ್ನ ಆಮೇಲೆ ಎತ್ರಿ. ಮೊದ್ಲು ಮುದ್ದೆ ತಿರುವಿ. ಕೈ ಬಿಟ್ರೆ ಗಂಟಾಗ್ತದೆ," ಎಂದಳು ದಿಬ್ಬದೊಳಗಿನಿಂದ. ಪಕ್ಕದ ದಿಬ್ಬ, ಅಕ್ಕಾಯಮ್ಮನದು, "ನಾವು ಮಲ್ಕೊಂಡೇ ಇರ್ತೀವಿ, ಇಲ್ಲೇ ಬೆಚ್ಚಗೈತೆ," ಎಂದಿತು. ಮೂರನೆಯ ದಿಬ್ಬ ನಗುತ್ತಿತ್ತು. ಕನಕಮ್ಮನ ನಗು ದೂರದ ತನಕ ಕೇಳುತ್ತದೆ.

ಹೀಗಾಗಿ ಉದ್ಯಾನವನದ ಗಾರ್ಡು ಓಡಿ ಬಂದಾಗ ಕಂಡ ದೃಶ್ಯವಿದು: ನೆಲಸಮವಾದ ಒಂದು ಟೆಂಟು, ಅದರಡಿ ಮಾತಾಡುತ್ತಿರುವ ಹೆಂಗಸರು, ಅವರತ್ತ ತಿರುಗಿಯೂ ನೋಡದೆ ಗೂಟಗಳಿಂದ ಒಂದು ಪಾತ್ರೆಯ ಜೊತೆ ಕುಸ್ತಿಯಾಡುತ್ತಿರುವ ಇಬ್ಬರು ಮುದುಕರು, ಪಕ್ಕದಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತ ಮೂರನೆಯವನು. "ಏನ್ ಸಾರ್ ಇದು, ಮೊದ್ಲು ಅವ್ರನ್ನ ಎತ್ತಬಾರ್ದಾ?" ಎಂದು ಅವರು ಗದರಿದರು. "ಎತ್ಬ್ಯಾಡ ಅಂತ ನಾವೇ ಯೋಳಿದ್ದು, ನೀವು ಸುಮ್ಕಿರಿ," ಎಂದು ಟೆಂಟು ಉತ್ತರ ಕೊಟ್ಟಿತು. ಕೊನೆಗೆ ಗಾರ್ಡೂ ಸೆಲ್ವರಾಜನೂ ಸೇರಿ ಕ್ಯಾನ್ವಾಸಿನ ಅಂಚು ಎತ್ತಿ ಹಿಡಿದರು. ಹೆಂಗಸರು ಒಬ್ಬೊಬ್ಬರಾಗಿ ತಲೆಗೂದಲು ಸರಿಮಾಡಿಕೊಳ್ಳುತ್ತ ಹೊರಬಂದರು. ಸರೋಜಾ ಬಂದವಳೇ ನೆಟ್ಟಗೆ ತಟ್ಟೆ ಹಿಡಿದು ಕಟ್ಟೆಯ ಮೇಲೆ ಕೂತಳು.

ನಾನು ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿದೆ. ಅಂಗೈ ಸುಟ್ಟು ಚುರುಚುರು ಎಂದಿತು. ಸರೋಜಾ ಇದನ್ನು ದಿನಾ ಮಾಡುತ್ತಾಳೆ, ಒಮ್ಮೆಯೂ ಅಂಗೈಗೆ ಉಫ್ ಎಂದು ಊದಿಕೊಂಡದ್ದನ್ನು ನಾನು ಕಂಡಿಲ್ಲ. ನನ್ನ ಮುದ್ದೆ ಗುಂಡಗಿರಲಿಲ್ಲ, ಒಂದು ಕಡೆ ಮೂಗು ಬಂದಿತ್ತು. ಅದನ್ನೇ ಅವಳ ತಟ್ಟೆಗೆ ಹಾಕಿದೆ, ವೆಂಕಟರವಣಪ್ಪ ಸಾರು ಸುರಿದ. ಅವಳು ಮುರಿದಳು. ಒಳಗಿನಿಂದ ಹೊಗೆ ಎದ್ದು ಅವಳ ಮುಖಕ್ಕೆ ಹೋಯಿತು. ಒಂದು ತುತ್ತು ಅದ್ದಿ ನುಂಗಿದಳು. ಎರಡನೆಯ ತುತ್ತಿಗೆ ಹಸಿಹಿಟ್ಟಿನ ಗಂಟು ಸಿಕ್ಕಿತು. ಅದನ್ನು ಯಾರಿಗೂ ಕಾಣದ ಹಾಗೆ ತಟ್ಟೆಯ ಅಂಚಿಗೆ ಸರಿಸಿದಳು. ನಾನು ನೋಡಿದೆ. ಅವಳ ಕಣ್ಣು ತುಂಬಿ ಬಂದಿತ್ತು.

"ಖಾರ ಜಾಸ್ತಿ ಆಯ್ತಾ?" ಎಂದೆ.

"ಇಲ್ಲ. ಸುಡ್ತಾ ಐತೆ."

"ಸ್ವಲ್ಪ ಆರಲಿ ಬಿಡು, ನಿಧಾನಕ್ಕೆ ತಿನ್ನು."

"ಬ್ಯಾಡ," ಎಂದಳು. "ಸುಡ್ಲಿ."

ಅಷ್ಟು ಹೇಳಿ ಅವಳು ಅವಸರವಿಲ್ಲದೆ, ತಲೆ ತಗ್ಗಿಸಿ, ಪೂರ್ತಿ ತಿಂದಳು. ನನಗೆ ಅಳು ಬರಬಹುದೆಂಬ ಭಯಕ್ಕೆ ಮಜ್ಜಿಗೆ ತರುತ್ತೇನೆಂದು ಎದ್ದುಹೋದೆ. ಬಂದಾಗ ಅವಳು ಖಾಲಿ ತಟ್ಟೆಯನ್ನು ಮುಂದೆ ಚಾಚಿ, "ಇನ್ನೊಂದು ಆಕಿ," ಎಂದಳು. ನಮ್ಮ ಮದುವೆಯಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು. ಗಾರ್ಡಿಗೂ ಒಂದು ಬಡಿಸಿದೆವು. ಅವರು ತಿಂದು, ಗೂಟದ ವಿಷಯ ಎತ್ತದೆ ಹೋದರು. ಸೆಲ್ವರಾಜನಿಗೆ ಕನಕಮ್ಮನೇ ಸಮಾಧಾನ ಹೇಳಿ ಉಣ್ಣಿಸಬೇಕಾಯಿತು. "ಭೂಮಿ ಒಳಗೆ ಗಾಳಿ ಇರಲ್ಲ ಸಾರ್," ಎಂದಷ್ಟೇ ಅವನು ಮತ್ತೆ ಮತ್ತೆ ಹೇಳಿದ, ವೆಂಕಟರವಣಪ್ಪನ ಕಡೆ ನೋಡದೆ.

ಎಲ್ಲರಿಗೂ ಬಡಿಸಿ, ಇನ್ನೊಂದು ಸಲ ಸಾರು ಹಾಕಿ, ಮಜ್ಜಿಗೆ ಕೊಟ್ಟು, ನಾನು ಕೂತಾಗ ಪಾತ್ರೆಯಲ್ಲಿ ಒಂದು ಮುದ್ದೆ ಉಳಿದಿತ್ತು. ಮುರಿಯಲು ಹೋದೆ. ಚರ್ಮ ಕಟ್ಟಿತ್ತು, ಬೆರಳು ಇಳಿಯಲಿಲ್ಲ.

"ಥತ್, ಆರಿಹೋಗಿದೆ," ಎಂದೆ.

ಸರೋಜಾ ಬಾಯಿ ಒರೆಸಿಕೊಳ್ಳುತ್ತಿದ್ದಳು. "ಆರಿದ್ದು ಮೈಗೆ ಒಳ್ಳೇದಂತಲ್ರೀ," ಎಂದಳು. "ಸಕ್ರೆ ಕಾಯ್ಲೆ ಅತ್ರ ಸುಳಿಯಲ್ವಂತೆ."

ಟೆಂಟನ್ನು ಹಿಂತಿರುಗಿಸುವಾಗ ಶಾಮಿಯಾನ ಅಂಗಡಿಯವರು ಎರಡು ಗೂಟಗಳನ್ನು ಎತ್ತಿ ಹಿಡಿದು, ಇದೇನು ಸಾರ್ ಅಂಟಿಕೊಂಡಿರುವುದು ಎಂದು ಕೇಳಿದರು. ಗುಡ್ಡದ ಮಣ್ಣು ಬಹಳ ಜಿಗುಟು ಎಂದೆ. ಸರೋಜಾ ಕರಾರಿಗೆ ತಪ್ಪಲಿಲ್ಲ, ಈಗ ಎಲ್ಲಿಗೆ ಕರೆದರೂ ಬರುತ್ತಾಳೆ. ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಸಲ ಹೋಗುವುದೆಂದು ಬೆಂಚಿನ ಮೇಲೆ ತೀರ್ಮಾನವಾಗಿದೆ. ಸೆಲ್ವರಾಜ್ ತನ್ನ ಗೂಟಗಳನ್ನು ತಾನೇ ಕೆತ್ತುತ್ತಿದ್ದಾನೆ, ಯಾರೂ ಮುಟ್ಟದ ಹಾಗೆ ಅವಕ್ಕೆ ಕೆಂಪು ಬಣ್ಣ ಬಳಿಯುತ್ತಾನಂತೆ. ಆದರೆ ಸರೋಜಾ ಅಲ್ಲಿಯ ತನಕ ಕಾಯುವವಳಲ್ಲ. "ಬಿಸಿ ಮುದ್ದೆಗೆ ಟೆಂಟ್ಯಾಕೆ? ಮನೇಲಿ ಕೋಲೇ ಐತಲ್ಲ," ಎಂದು ಬಾಗಿಲ ಹಿಂದಿನಿಂದ ತೆಗೆದು ನನ್ನ ಕೈಗೆ ಕೊಟ್ಟಳು. ಭಾನುವಾರದ ಮುದ್ದೆ ಈಗ ನನ್ನದು. ಅವಳು ತಟ್ಟೆ ಹಿಡಿದು ಕೂತು, ಎಷ್ಟು ಲೇಟು ಎಂದು ಅಡುಗೆಮನೆಯ ಕಡೆ ಕೂಗುತ್ತಾಳೆ. ಸ್ವಲ್ಪ ಹೊತ್ತಿನಲ್ಲಿ ಬರಲಿದೆ ಎಂದು ನಾನು ಒಳಗಿನಿಂದ ಪ್ರಕಟಿಸುತ್ತೇನೆ, ಅದು ಬರುತ್ತದೆ ಕೂಡ. ಗಂಟುಗಳು ಕಡಿಮೆಯಾಗಿವೆ. ನಾನು ಕೂರುವುದು ಕೊನೆಗೆ. ಮೊನ್ನೆ ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ ಪೂರ್ತಿ ಹತೋಟಿಯಲ್ಲಿದೆ.